ಖಣದ ಊರಿನಲ್ಲಿ ಒಂದು ಗಂಟೆ



ಬೇಸಿಗೆ ರಜೆಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಕಾರಿನಲ್ಲಿ ಬರುವ ದಂಪತಿಗಳು ಬಹಳ. ಗುಡ್ಡಗಳ ಮಗ್ಗುಲಲ್ಲಿರುವ ಗುಳೇದಗುಡ್ಡ ಅವರಲ್ಲಿ ಹೆಚ್ಚಿನವರಿಗೆ ಚಹಾ ಕುಡಿಯುವ ಊರು ಮಾತ್ರ. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಜೋಡಿ ಹಾಗೆಯೇ ನಿಂತಿತ್ತು. ಪಕ್ಕದ ಓಣಿಯಿಂದ ಕೇಳಿಬಂದ ಮಗ್ಗದ ಸದ್ದು ಅವರನ್ನು ನೇಕಾರರ ಮನೆಗೆ ಕರೆದೊಯ್ದಿತು. ವರದಿಗೆಂದು ನಾನೂ ಅಲ್ಲಿದ್ದೆ.

ಮಗ್ಗದ ಮೇಲಿದ್ದದ್ದು ಖಣ. ಇಳಕಲ್ ಸೀರೆಗೆ ಜೊತೆಯಾಗುವ ಕುಬಸದ ಬಟ್ಟೆ. ಹಾಸು ರೇಷ್ಮೆ, ಹೊಕ್ಕು ಹತ್ತಿ ಎಂಬುದು ಹಳೆಯ ಪದ್ಧತಿ. ನೇಯ್ದ ಅಂಚೇ ತೋಳಿನ ಅಂಚಾಗುತ್ತದೆ. ಈ ಭಾಗದಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಖಣ ಬೇಕೇ ಬೇಕು. ಭೌಗೋಳಿಕ ಗುರುತಿನ ಮಾನ್ಯತೆಯೂ ಇದಕ್ಕೆ ದೊರೆತಿದೆ.

ಆದರೆ ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೆದುರು ಕೈಮಗ್ಗ ಸೋಲುತ್ತಿದೆ. ಇಳಕಲ್ ಸೀರೆಯ ದಿನನಿತ್ಯದ ಬಳಕೆ ಕಡಿಮೆಯಾದಂತೆ ಖಣದ ಬೇಡಿಕೆಯೂ ಕುಗ್ಗಿತು.

"ಇದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀವಿ ಅಜ್ಜ" ಎಂದಳು ಆ ಯುವತಿ.

ಹಿರಿಯ ನೇಕಾರರು ನಕ್ಕರು: "ಗ್ವಾಡಿಗೆ ಹಾಕಬ್ಯಾಡವ್ವಾ, ಹೊಲಿಸಿ ತೊಡು. ಹರಿದ್ರ ಮತ್ತೊಂದು ನೇಯ್ತೀವಿ."

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಆ ಕಲ್ಲುಗಳನ್ನು ಸರ್ಕಾರ ಕಾಯುತ್ತದೆ. ಖಣವನ್ನು ಕಾಯಬೇಕಾದವರು ಅದನ್ನು ತೊಡುವವರು. ಮುಂದಿನ ಪ್ರವಾಸದಲ್ಲಿ ಈ ಊರಿಗೂ ಒಂದು ಗಂಟೆ ಮೀಸಲಿಡಿ.