ಮೆಸ್ಸಿನ ಮೂಲೆಯಲ್ಲಿ ಕೂತವರು

ಊರಲ್ಲಿ ಪದವಿ ಮುಗಿಸಿ ಎಂ.ಎ., ಎಂ.ಎಸ್ಸಿ.ಗೆಂದು ಮಾನಸಗಂಗೋತ್ರಿಗೋ ಧಾರವಾಡಕ್ಕೋ ಬಂದ ಮಕ್ಕಳಲ್ಲಿ ಕೆಲವರು ವಾರದೊಳಗೆ ಮೆಸ್ಸಿನಲ್ಲಿ ಎಲ್ಲರಿಗೂ ಪರಿಚಿತರು. ಕೆಲವರು ತಿಂಗಳಾದರೂ ತಟ್ಟೆ ಹಿಡಿದು ಮೂಲೆ ಹುಡುಕುತ್ತಾರೆ. ಮಾತುಗಾರರೇ ಗೆಲ್ಲುವವರು ಎಂದು ನಾವು ಎಣಿಸುತ್ತೇವೆ. ಗೆಳೆತನ ಬೆಳೆಸುವುದರಲ್ಲಿ ಅವರು ಮುಂದು, ನಿಜ. ಆದರೆ ಮನಶ್ಶಾಸ್ತ್ರಜ್ಞರು ಅಳೆಯುವ ಐದು ಮುಖ್ಯ ಗುಣಗಳಲ್ಲಿ ಅಂಕಗಳ ಜೊತೆ ಹೆಚ್ಚು ನಂಟಿರುವುದು ಶಿಸ್ತಿಗೆ. ಹೆಚ್ಚು ನೋಯುವವರು ಬೇಗ ಕಳವಳಗೊಳ್ಳುವ ಸ್ವಭಾವದವರು. ಇಂಗ್ಲಿಷಿನ ಪಾಠ ಒಂದು ದಿನ ತಲೆಗೆ ಹತ್ತದಿದ್ದರೂ ಸಾಕು, ಇದು ನನ್ನಂಥವರ ಜಾಗವಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ.

ವಾಲ್ಟನ್ ಮತ್ತು ಕೋಹೆನ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಅಧ್ಯಾಪಕರೆಲ್ಲ ಓದಬೇಕು ಅನಿಸುತ್ತದೆ. ಈ ಪರಕೀಯ ಭಾವ ಮೊದಲು ಎಲ್ಲರಿಗೂ ಬರುತ್ತದೆ, ಆಮೇಲೆ ಕರಗುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಅಮೆರಿಕದ ಕಾಲೇಜೊಂದರ ಮೊದಲ ವರ್ಷದವರಿಗೆ ಸುಮಾರು ಒಂದು ಗಂಟೆಯಲ್ಲಿ ತಿಳಿಸಿದರು. ಅದನ್ನು ಕೇಳಿದ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಮುಂದಿನ 3 ವರ್ಷ ಹೆಚ್ಚು ಅಂಕ ಪಡೆದರು. ಯಾರ ಸ್ವಭಾವವನ್ನೂ ತಿದ್ದಬೇಕಾಗಲಿಲ್ಲ. ನಮ್ಮ ವಿಭಾಗಗಳಲ್ಲೂ ಹಿರಿಯರು ಮೊದಲ ವಾರವೇ ತಾವು ಪಟ್ಟ ಪಾಡನ್ನು ಕಿರಿಯರಿಗೆ ಹೇಳಲಿ. ಕಳವಳ ಮಿತಿಮೀರಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.