ಕಡಲ ಸೆಳೆತದ ಮುನ್ಸೂಚನೆ

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಫ್ರಾನ್ಸಿನ ನಾರ್ಮಂಡಿಯ ಯೂಟಾ ತೀರಕ್ಕೆ ದಾಳಿಗೆ ಹೊರಟ ಅಮೆರಿಕನ್ ಪಡೆಯ ಮೊದಲ ತುಕಡಿಗಳು ಗೊತ್ತುಮಾಡಿದ ಜಾಗಕ್ಕಿಂತ ಸುಮಾರು ಎರಡು ಕಿಲೋಮೀಟರ್ ದಕ್ಷಿಣಕ್ಕೆ ಇಳಿದವು. ದಡದ ಗುರುತುಗಳನ್ನು ಹೊಗೆ ಮುಚ್ಚಿತ್ತು. ದಡದುದ್ದಕ್ಕೂ ಹರಿಯುತ್ತಿದ್ದ ನೀರು ದೋಣಿಗಳನ್ನು ಎಳೆದೊಯ್ದಿತ್ತು. ಇಳಿದ ಜಾಗದಲ್ಲಿ ಶತ್ರುವಿನ ಕಾವಲು ಸಡಿಲವಾಗಿದ್ದದ್ದು ಅದೃಷ್ಟ. ಅದೇ ದಿನ ಒಮಾಹಾ ತೀರದಲ್ಲಿ ದೋಣಿಗಳು ಪೂರ್ವಕ್ಕೆ ಸರಿದಾಗ ಆ ಅದೃಷ್ಟ ಒದಗಲಿಲ್ಲ.

ಆ ದಾಳಿಗೆ ಬೇಕಾದ ಉಬ್ಬರ-ಇಳಿತದ ಲೆಕ್ಕವನ್ನು ಲಿವರ್‌ಪೂಲ್ ಸಮೀಪದ ಬಿಡ್‌ಸ್ಟನ್‌ನಲ್ಲಿ ವಿಜ್ಞಾನಿ ಆರ್ಥರ್ ಡೂಡ್‌ಸನ್ ಅವರು ಗಾಲಿ-ರಾಟೆಗಳ ಯಂತ್ರದಿಂದ ತಿಂಗಳುಗಳ ಮೊದಲೇ ತೆಗೆದಿದ್ದರು. ಸೂರ್ಯಚಂದ್ರರ ಚಲನೆ ಗೊತ್ತಿದ್ದರೆ ನೀರು ಎಷ್ಟು ಏರುತ್ತದೆಂದು ಹೇಳಬಹುದು. ನೀರು ಎತ್ತ ಹರಿಯುತ್ತದೆಂದು ಹೇಳುವುದು ಅದಕ್ಕಿಂತ ಬಹಳ ಕಷ್ಟ. ಗಾಳಿ, ತಳದ ಏರಿಳಿತ, ನದಿಗಳ ಸಿಹಿನೀರು, ಉಪ್ಪಿನಂಶ, ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ.

ನೌಕಾನೆಲೆ ಇರುವ ನಮ್ಮ ಕಾರವಾರದ ಕಡಲನ್ನೇ ನೋಡಿ. ಮಳೆಗಾಲದಲ್ಲಿ ಕರಾವಳಿಯ ಮೇಲ್ನೀರು ದಕ್ಷಿಣಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಗಾಳಿ ಉತ್ತರದಿಂದ ಬೀಸುತ್ತಿದ್ದರೂ ನೀರು ಅದಕ್ಕೆ ಎದುರಾಗಿ ಉತ್ತರಕ್ಕೇ ಹೋಗುತ್ತದೆ! ಕಾರಣದ ದೊಡ್ಡ ಪಾಲು ಬಂಗಾಳ ಕೊಲ್ಲಿಯಲ್ಲಿದೆ. ಅಲ್ಲಿನ ಗಾಳಿ ಎಬ್ಬಿಸಿದ ಕೆಲ್ವಿನ್ ಅಲೆಗಳು ದಡಕ್ಕೆ ಅಂಟಿಕೊಂಡೇ ಸಾಗಿ, ಶ್ರೀಲಂಕಾವನ್ನು ಬಳಸಿ ನಮ್ಮ ಕಡೆಗೆ ಬರುತ್ತವೆ. ಅಂದಮೇಲೆ ಕಾರವಾರದ ಗಾಳಿಯನ್ನಷ್ಟೇ ಅಳೆದು ಕಾರವಾರದ ಸೆಳೆತವನ್ನು ಹೇಳಲಾಗದು. ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿರುವುದೇ ಈ ಸಂಗತಿ.

ಆಳದ ಮಾತು ಇನ್ನೊಂದು. ಮಳೆಗಾಲದಲ್ಲಿ ಭೂಖಂಡದ ಅಂಚಿನ ಇಳಿಜಾರಿನ ಮೇಲೆ ಮೇಲ್ಪದರ ದಕ್ಷಿಣಕ್ಕೆ ಹರಿಯುವಾಗ ಅಡಿಯ ನೀರು ಉತ್ತರಕ್ಕೆ ಹರಿಯುತ್ತದೆ. ದಡದ ರೇಡಾರ್‌ಗಳು ರೇಡಿಯೊ ಅಲೆ ಕಳಿಸಿ ದೂರದವರೆಗೂ ಸೆಳೆತ ಅಳೆಯುತ್ತವೆ, ಆದರೆ ಅವಕ್ಕೆ ಕಾಣುವುದು ಮೇಲ್ಮೈ ಮಾತ್ರ. ಜಲಾಂತರ್ಗಾಮಿಗೂ ಮೈನ್ ಹುಡುಕುವ ಮುಳುಗುಗಾರನಿಗೂ ಬೇಕಾದ್ದು ಕೆಳಗಿನ ಲೆಕ್ಕ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್, ಅಷ್ಟು ಸೆಳೆತಕ್ಕೆ ಎದುರಾಗಿ ಮನುಷ್ಯ ಹೆಚ್ಚು ಹೊತ್ತು ಈಜಲಾರ. ಹಾಗಾಗಿ ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾದರಿ ಎಷ್ಟೇ ದೊಡ್ಡದಿದ್ದರೂ, ಕಡಲೊಳಗೆ ಲಂಗರು ಹಾಕಿ ಇಟ್ಟ ಮಾಪಕಗಳ ಅಳತೆ ಅದಕ್ಕೆ ಸಿಗುತ್ತಿರಬೇಕು. ಮುನ್ಸೂಚನೆಯ ಜೊತೆಗೆ ಅದು ಎಷ್ಟು ತಪ್ಪಬಹುದೆಂಬುದನ್ನೂ ಕಾರ್ಯಾಚರಣೆಯ ಯೋಜಕರಿಗೆ ತಿಳಿಸಬೇಕು.

ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕಡಲ ಸೆಳೆತದ ಮುನ್ಸೂಚನೆ ಕೊಡುತ್ತಿದೆ. ದೋಣಿಯಿಂದ ಬಿದ್ದ ಮೀನುಗಾರನನ್ನು ಹುಡುಕಲೂ ಬೇಕಾಗುವುದು ಇದೇ ಲೆಕ್ಕ. ಕರಾವಳಿಯ ಕಾಲೇಜುಗಳಲ್ಲಿ ಗಣಿತ, ಭೌತಶಾಸ್ತ್ರ ಓದುತ್ತಿರುವ ಮಕ್ಕಳೇ, ಈ ಕೆಲಸಕ್ಕೆ ಬನ್ನಿ.