ಹಾಯಿದೋಣಿಯ ಪ್ರೊಪೆಲ್ಲರ್ ಮತ್ತು ವೇಗದ ಮಿತಿ

(ಶತಮಾನೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸ)



ಕೃಷ್ಣೆ–ತುಂಗಭದ್ರೆಯರ ನಡುವಣ ಐಜದಲ್ಲಿ ಕಡಲ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಹರಿಗೋಲಿನಲ್ಲಿ ಹೊಳೆ ದಾಟಿದವರಿಗೆ ಇದು ತೀರ ಹೊಸ ವಿಷಯವಲ್ಲ. ಹುಟ್ಟು ನೀರನ್ನು ಹಿಂದಕ್ಕೆ ತಳ್ಳುವುದರಿಂದ ಹರಿಗೋಲು ಮುಂದೆ ಸಾಗುತ್ತದೆ. ಪ್ರೊಪೆಲ್ಲರ್ ಮಾಡುವುದೂ ಅದನ್ನೇ.

2017ರ ಸೆಪ್ಟೆಂಬರಿನಲ್ಲಿ ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟು, ಭೂಪ್ರದಕ್ಷಿಣೆ ಮುಗಿಸಿ 2018ರ ಮೇ ತಿಂಗಳಲ್ಲಿ ಮರಳಿದರು. ಅವರಲ್ಲಿ ಹೈದರಾಬಾದಿನ ಐಶ್ವರ್ಯಾ ಬೊಡ್ಡಪಾಟಿಯವರೂ ಇದ್ದರೆಂಬುದು ನಮಗೆ ಹೆಮ್ಮೆ. ಗಾಳಿಯನ್ನೇ ನಂಬಿದ ದೋಣಿಗೂ ಬಂದರನ್ನು ಹೊಕ್ಕು ಹೊರಡಲು ಎಂಜಿನ್ ಬೇಕು. ಗಾಳಿ ಬಿದ್ದು, ಸೆಳೆತವು ಬಂಡೆಯತ್ತ ಎಳೆಯುವಾಗ ಜೀವ ಉಳಿಸುವುದು ಅದೇ.

ದೊಡ್ಡ ಎಂಜಿನ್ ಹಾಕಿದರೆ ವೇಗ ಹೆಚ್ಚದೇ ಎಂದು ಹುಡುಗರು ಕೇಳುತ್ತಾರೆ. ಹೆಚ್ಚದು. ಭಾರವಾದ ದೋಣಿ ತಾನೆಬ್ಬಿಸಿದ ಅಲೆಯ ತಗ್ಗಿನಲ್ಲೇ ಸಿಲುಕುತ್ತದೆ. ನೀರಿನ ಮಟ್ಟದಲ್ಲಿ 9 ಮೀಟರ್ ಉದ್ದವಿರುವ ದೋಣಿಗೆ ಸುಮಾರು 7 ನಾಟ್, ಎಂದರೆ ಗಂಟೆಗೆ 13 ಕಿಲೋಮೀಟರ್, ಮೇಲಿನ ಮಿತಿ. ಅದರ ಕೆಳಗೂ ವೇಗದ ಬೆಲೆ ದುಬಾರಿ: ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 60 ನಾಟಿಕಲ್ ಮೈಲಿಯನ್ನು 5 ನಾಟ್‌ನಲ್ಲಿ ಕ್ರಮಿಸಲು 12 ಗಂಟೆ, 6ರಲ್ಲಿ 10 ಗಂಟೆ. ಎರಡು ಗಂಟೆಯ ಉಳಿತಾಯಕ್ಕೆ ಡೀಸೆಲ್ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅವಸರವಿಲ್ಲದವನು 5 ನಾಟ್‌ನಲ್ಲೇ ಹೋಗಲಿ ಎಂಬುದು ನನ್ನ ಮತ.

ಇನ್ನು ಆಯ್ಕೆ. ಮೂರು ಅಲಗುಗಳ ಸ್ಥಿರ ಪ್ರೊಪೆಲ್ಲರ್ ಅಗ್ಗ, ಗಟ್ಟಿ, ಹಿಂದಕ್ಕೂ ಚೆನ್ನಾಗಿ ಎಳೆಯುತ್ತದೆ. ಆದರೆ ಹಾಯಿ ಬಿಚ್ಚಿದಾಗ ಅದೇ ಅಡ್ಡಿ. ಅರ್ಧದಿಂದ ಒಂದು ನಾಟ್‌ನಷ್ಟು ವೇಗವನ್ನು ತಿಂದುಬಿಡುತ್ತದೆ. ಮಡಚಿಕೊಳ್ಳುವ ಪ್ರೊಪೆಲ್ಲರ್ ಆ ನಷ್ಟವನ್ನು ತಪ್ಪಿಸಿದರೂ ಹಿಂದಕ್ಕೆ ಚಲಿಸುವಾಗ ಸಾಮಾನ್ಯವಾಗಿ ದುರ್ಬಲ. ಅಲಗನ್ನು ಹರಿವಿನತ್ತ ತಿರುಗಿಸಿಕೊಳ್ಳುವ ಬಗೆ ಎರಡಕ್ಕೂ ಒದಗುತ್ತದೆ, ಬೆಲೆಯಂತೂ ಹಲವು ಪಟ್ಟು. ಇಕ್ಕಟ್ಟಾದ ಬಂದರುಗಳಲ್ಲಿ ಹೆಚ್ಚು ಓಡಾಡುವವನಿಗೆ ಸ್ಥಿರವಾದುದೇ ಲೇಸು.

ಯಾವುದನ್ನು ಕೊಂಡರೂ ಶಾಂತ ನೀರಿನಲ್ಲಿ ಎಂಜಿನ್ನನ್ನು ಪೂರ್ಣ ವೇಗಕ್ಕೆ ತಂದು ಪರೀಕ್ಷಿಸಬೇಕು. ತಯಾರಕರು ಹೇಳಿದ ಸುತ್ತುಗಳನ್ನು ಮುಟ್ಟದೆ ಕಪ್ಪು ಹೊಗೆ ಉಗುಳಿದರೆ ಅಲಗಿನ ಓರೆ ಹೆಚ್ಚಾಯಿತೆಂದು ಸಂಶಯಿಸಬಹುದು. ಆ ಸುತ್ತುಗಳನ್ನು ಸುಲಭವಾಗಿ ಮೀರಿದರೆ ಕಡಿಮೆಯಾಯಿತೆಂದು. ಅದಕ್ಕೂ ಮುನ್ನ ನೀರಿಗಿಳಿದು ಅಲಗನ್ನು ಕೆರೆದು ನೋಡಿ. ಅಂಟಿದ ಚಿಪ್ಪುಜೀವಿಗಳೂ ಅದೇ ಹೊಗೆ ಎಬ್ಬಿಸುತ್ತವೆ.